ಚಿರೆಕಲ್ಲಿನ ಗೋಡೆಯಲ್ಲಿ ಮಿಸ್ರಿ ಸಂಸಾರ

ಕಾರವಾರ ಮತ್ತು ಅಂಕೋಲೆಯ ನಡುವೆ, ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಕಾಡುಗುಡ್ಡ ಇರುವ ಇಕ್ಕಟ್ಟಾದ ಪಟ್ಟಿಯಲ್ಲಿ ಹಾರವಾಡವಿದೆ. ಕೊಂಕಣ ರೈಲಿನ ಪುಟ್ಟ ನಿಲ್ದಾಣ ಈ ಊರಿನ ಹೆಸರನ್ನು ಹೊರಗಿನವರಿಗೂ ಪರಿಚಯಿಸಿದೆ. ಈ ಸೀಮೆಯಲ್ಲಿ ಚಿರೆಕಲ್ಲಿನ ಹಳೆಯ ಮನೆಗಳು ಅಲ್ಲಲ್ಲಿ ಇನ್ನೂ ಉಳಿದಿವೆ. ಗಾರೆ ಬಳಿಯದ ಇಂಥ ಮನೆಯ ಹಿಂಗೋಡೆಯನ್ನು ಎಳೆಬಿಸಿಲಿನ ಹೊತ್ತಿಗೆ ನಿಧಾನವಾಗಿ ನೋಡುತ್ತ ಹೋದರೆ, ಎರಡು ಕಲ್ಲುಗಳ ಸಂದಿಯಿಂದ ಹೊರಚಾಚಿದ ಕಂದು ಬಣ್ಣದ ಕೊಳವೆಯೊಂದು ಕಣ್ಣಿಗೆ ಬೀಳಬಹುದು. ಅದರ ಬಾಯಲ್ಲಿ ಮೂರು ನಾಲ್ಕು ಮಿಲಿಮೀಟರ್ ಉದ್ದದ ಕರಿಯ ಹುಳುಗಳು ಮುಖ ಹೊರಗಿಟ್ಟು ಕಾವಲು ಕೂತಿರುತ್ತವೆ. ಇನ್ನು ಕೆಲವು ಹಿಂಗಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಒಳನುಗ್ಗುತ್ತಿರುತ್ತವೆ.

ಇದು ಮಿಸ್ರಿ ಜೇನು. ದಕ್ಷಿಣ ಕನ್ನಡದವರಿಗೆ ಮುಜಂಟಿ, ಇನ್ನು ಕೆಲವು ಕಡೆ ನಸರಿ. ವಿಜ್ಞಾನದಲ್ಲಿ ಇದರ ಹೆಸರು ಟೆಟ್ರಾಗೊನುಲಾ ಇರಿಡಿಪೆನ್ನಿಸ್. ಫ್ರೆಡರಿಕ್ ಸ್ಮಿತ್ ಎಂಬ ಕೀಟತಜ್ಞ ಇದನ್ನು ಮೊದಲು ವಿವರಿಸಿದ್ದು 1854ರಲ್ಲಿ.

ಮನೆಯವರಿಗೆ ಈ ಕೊಳವೆ ಹೊಸದೇನಲ್ಲ. ಅಜ್ಜಿಯ ಕಾಲದಿಂದಲೂ ಅಲ್ಲೇ ಇದೆ ಎಂದು ಹೇಳಿ ಸುಮ್ಮನಾಗುತ್ತಾರೆ. ಯಾರೂ ಬರೆದಿಡದ ಆ ಒಂದು ಮಾತಿನಲ್ಲಿ ಜೀವವಿಜ್ಞಾನಕ್ಕೂ ಊರಿನ ಚರಿತ್ರೆಗೂ ಬೇಕಾದ ಮಾಹಿತಿ ಅಡಗಿದೆ. ಗೋಡೆ ಬಿದ್ದರೆ ಅದೂ ಹೋಗುತ್ತದೆ.

ಗೋಡೆಯ ಗೂಡುಗಳನ್ನು ಬರೆದಿಡುವ ಕೆಲಸವನ್ನು ಒಂದು ದೇಶ ಹಟ ಹಿಡಿದು ಮಾಡಿದೆ. ಬ್ರಿಟನ್ನಿನ ಹಳೆಯ ತೋಟಗಳ ಕಲ್ಲಿನ ಅಥವಾ ಇಟ್ಟಿಗೆಯ ಗೋಡೆಗಳಲ್ಲಿ, ನಮ್ಮ ದೀಪದ ಗೂಡನ್ನು ಹೋಲುವ, ಆದರೆ ಅದಕ್ಕಿಂತ ದೊಡ್ಡದಾದ ಗೂಡುಗಳು ಸಾಲಾಗಿ ಕಾಣುತ್ತವೆ. ಅಲ್ಲಿಯವರು ಅವನ್ನು ‘ಬೀ ಬೋಲ್’ ಎನ್ನುತ್ತಾರೆ. ಮರದ ಜೇನುಪೆಟ್ಟಿಗೆ ಬರುವುದಕ್ಕೆ ಮುಂಚೆ ಅಲ್ಲಿಯ ರೈತರು ಹುಲ್ಲಿನ ಹುರಿಯನ್ನು ಸುತ್ತಿ ಸುತ್ತಿ ಹೆಣೆದ ಬುಟ್ಟಿಗಳಲ್ಲಿ ಜೇನು ಸಾಕುತ್ತಿದ್ದರು. ಬುಟ್ಟಿಯನ್ನು ಮಗುಚಿಟ್ಟರೆ ಅದೇ ಜೇನಿನ ಮನೆ. ಮಳೆಗೆ ನೆನೆದರೆ ಹುಲ್ಲು ಕೊಳೆಯುತ್ತದೆ, ಗಾಳಿ ಜೋರಾದರೆ ಬುಟ್ಟಿಯೇ ಉರುಳುತ್ತದೆ. ಹಾಗಾಗಿ ಗೋಡೆ ಕಟ್ಟುವಾಗಲೇ ಬುಟ್ಟಿ ಹಿಡಿಸುವಷ್ಟು ಜಾಗವನ್ನು ಬಿಟ್ಟುಕೊಂಡು ಕಟ್ಟುತ್ತಿದ್ದರು. ಬಹುಪಾಲು ಗೂಡುಗಳ ಮುಖ ದಕ್ಷಿಣಕ್ಕೋ ಆಗ್ನೇಯಕ್ಕೋ ಇರುತ್ತಿತ್ತು. ಚಳಿಯ ಬೆಳಗಿನಲ್ಲಿ ಬೇಗ ಬಿಸಿಲು ತಾಗಿದಷ್ಟೂ ಹುಳುಗಳು ಬೇಗ ಕೆಲಸಕ್ಕೆ ಹೊರಡುತ್ತವೆ. ಕಳ್ಳರ ಕಾಟವಿದ್ದ ಕಡೆ ಗೂಡಿನ ಬಾಯಿಗೆ ಕಬ್ಬಿಣದ ಸರಳು ಹಾಕಿದ್ದೂ ಉಂಟು. ವಾರಿಕ್‌ಷೈರ್‌ನ ಪ್ಯಾಕ್‌ವುಡ್ ಹೌಸ್ ಎಂಬ ಹಳೆಯ ಬಂಗಲೆಯ ತೋಟದ ಒಂದೇ ಗೋಡೆಯಲ್ಲಿ ಇಂಥ 30 ಗೂಡುಗಳಿವೆ.

1850ರ ದಶಕದಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ರೂಪಿಸಿದ ಚೌಕಟ್ಟಿನ ಪೆಟ್ಟಿಗೆ ಜನಪ್ರಿಯವಾದ ಮೇಲೆ ಬುಟ್ಟಿಗಳು ಮೂಲೆ ಸೇರಿದವು. ಗೋಡೆಯ ಗೂಡುಗಳು ಬರಿದಾದವು. ಕೆಲವು ಹೂಕುಂಡ ಇಡುವ ಜಾಗಗಳಾದವು, ಕೆಲವನ್ನು ಮುಚ್ಚಿದರು. ಅವು ಯಾತಕ್ಕೆ ಇದ್ದವು ಎಂಬುದೇ ಮರೆತುಹೋಗುತ್ತಿದ್ದ ಹೊತ್ತಿಗೆ ಈವಾ ಕ್ರೇನ್ ಬಂದರು. ಅವರು ಓದಿದ್ದು ಅಣು ಭೌತವಿಜ್ಞಾನ. ಎರಡನೇ ಮಹಾಯುದ್ಧದ ದಿನಗಳಲ್ಲಿ ಸಕ್ಕರೆಗೆ ರೇಷನ್ ಇತ್ತು. 1942ರಲ್ಲಿ ಅವರ ಮದುವೆಗೆ ಯಾರೋ ಒಂದು ಜೇನು ಕುಟುಂಬವನ್ನೇ ಉಡುಗೊರೆ ಕೊಟ್ಟರು. ಅಲ್ಲಿಂದ ಅವರ ಬದುಕು ಜೇನಿನ ಕಡೆ ಹೊರಳಿತು. 1949ರಲ್ಲಿ ಅವರು ಕಟ್ಟಿದ ಜೇನು ಸಂಶೋಧನಾ ಸಂಘ ಮುಂದೆ ಅಂತರರಾಷ್ಟ್ರೀಯ ಸಂಸ್ಥೆಯಾಯಿತು. 1952ರಲ್ಲಿ ಆ ಸಂಘ ಗೋಡೆಗೂಡುಗಳ ದಾಖಲೆ ಪುಸ್ತಕವನ್ನು ತೆರೆಯಿತು.

ಅದರ ವಿಧಾನ ಸರಳ. ಎಲ್ಲಾದರೂ ಗೂಡು ಕಂಡವರು ಊರು, ಗೂಡುಗಳ ಸಂಖ್ಯೆ, ಎತ್ತರ, ಅಗಲ, ಆಳ, ಮುಖ ಮಾಡಿದ ದಿಕ್ಕು, ಗೋಡೆ ಯಾವುದರದ್ದು, ಎಷ್ಟು ಹಳೆಯದು ಎಂಬುದನ್ನು ಬರೆದು ಫೋಟೊ ಸಹಿತ ಕಳಿಸಬೇಕು. ಬರೆದವರಲ್ಲಿ ಹೆಚ್ಚಿನವರು ಹವ್ಯಾಸಿಗಳು. ಹಾಗೆ ಕೂಡುತ್ತ ಬಂದ ದಾಖಲೆ ಇಂದು 1500ಕ್ಕೂ ಹೆಚ್ಚು ಸ್ಥಳಗಳನ್ನು ಒಳಗೊಂಡಿದೆ. ಕಂಬ್ರಿಯಾ, ಡೆವನ್, ಕೆಂಟ್, ಯಾರ್ಕ್‌ಷೈರ್, ಸ್ಕಾಟ್ಲೆಂಡ್ ಎಲ್ಲವೂ ಅದರಲ್ಲಿವೆ. ಒಂದೊಂದಾಗಿ ನೋಡಿದರೆ ಬರಿಯ ಗೋಡೆ ಗೂಡುಗಳು. ಒಟ್ಟಿಗೆ ನೋಡಿದಾಗ ಯಾವ ಸೀಮೆಯಲ್ಲಿ ಮಳೆ ಗಾಳಿಗೆ ಹೆದರಿ ಜನ ಹೇಗೆ ಕಟ್ಟಿದರು, ಯಾವ ಕಾಲದಲ್ಲಿ ಜೇನು ಸಾಕಣೆ ಹಬ್ಬಿತ್ತು ಎಂಬ ಚಿತ್ರ ಮೂಡುತ್ತದೆ.

ಭಾರತದಲ್ಲಿ ಗೋಡೆಯೊಳಗೆ ಜೇನು ಸಾಕುವ ಪದ್ಧತಿ ಹಿಮಾಲಯದಲ್ಲಿ ಇನ್ನೂ ಜೀವಂತವಾಗಿದೆ. ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಹಳ್ಳಿಮನೆಗಳ ದಪ್ಪ ಗೋಡೆಯಲ್ಲಿ ಪೊಟರೆ ಬಿಟ್ಟು, ಹೊರಮೈಗೆ ಹುಳು ಹೋಗುವಷ್ಟು ಕಿಂಡಿ, ಒಳಮೈಗೆ ಹಲಗೆಯ ಮುಚ್ಚಳ ಇಡುತ್ತಾರೆ. ಅಲ್ಲಿ ನೆಲೆಸುವುದು ನಮ್ಮ ತುಡುವೆ ಜೇನಿನದೇ ಜಾತಿ. ತುಪ್ಪ ಬೇಕಾದಾಗ ಮನೆಯೊಳಗಿನಿಂದಲೇ ಮುಚ್ಚಳ ತೆಗೆದು ಹೊಗೆ ಹಾಕುತ್ತಾರೆ. ಹುಳುಗಳು ಹೊರಗಿನ ಕಿಂಡಿಯತ್ತ ಸರಿಯುತ್ತವೆ. ಹಿಮ ಬೀಳುವ ತಿಂಗಳುಗಳಲ್ಲಿ ಒಲೆಯ ಬಿಸಿ ಗೋಡೆಗೂ ತಾಗುತ್ತದೆ. 1820ರ ದಶಕದಲ್ಲಿ ಕಾಶ್ಮೀರದಲ್ಲಿದ್ದ ವಿಲಿಯಂ ಮೂರ್‌ಕ್ರಾಫ್ಟ್ ಎಂಬ ಪ್ರವಾಸಿ ಈ ಗೋಡೆಗೂಡುಗಳನ್ನು ವಿವರವಾಗಿ ಬರೆದಿಟ್ಟಿದ್ದಾನೆ.

ಕಾರವಾರ, ಅಂಕೋಲೆಗಳ ಕತೆಯೇ ಬೇರೆ. ಇಲ್ಲಿ ಮಿಸ್ರಿಗೆಂದು ಗೋಡೆಯಲ್ಲಿ ಜಾಗ ಬಿಟ್ಟು ಯಾರೂ ಮನೆ ಕಟ್ಟಲಿಲ್ಲ. ಅದಕ್ಕೆ ಮನೆ ಒದಗಿಸಿದ್ದು ಕಲ್ಲು.

ಚಿರೆಕಲ್ಲು ಸಾಮಾನ್ಯ ಕಲ್ಲಲ್ಲ. ಲಕ್ಷಾಂತರ ವರ್ಷಗಳ ಮಳೆ, ಬಿಸಿಲುಗಳು ಮೂಲಶಿಲೆಯಲ್ಲಿದ್ದ ಸಿಲಿಕಾವನ್ನು ತೊಳೆದುಹಾಕಿ, ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡುಗಳನ್ನು ಉಳಿಸಿದಾಗ ಅದು ರೂಪುಗೊಳ್ಳುತ್ತದೆ. ನೆಲದಡಿ ಇರುವಾಗ ಪಿಕಾಸಿಗೆ ಸಿಗುವಷ್ಟು ಮೆದು. ಕಡಿದು ಗಾಳಿಗೆ ಇಟ್ಟ ಮೇಲೆ ಗಟ್ಟಿಯಾಗುತ್ತದೆ. ಅದರ ಮೈತುಂಬ ಅಂಕುಡೊಂಕಾದ ತೂತುಗಳು. ಅವುಗಳಲ್ಲಿ ತುಂಬಿದ ಬಿಳಿಚು ಜೇಡಿ ಮಳೆಗೆ ಕರಗಿ ಹೋದಂತೆ ಒಳಗೆ ಟೊಳ್ಳು ಜಾಗ ಬೆಳೆಯುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಗೋಡೆಯಾದರೆ ಕಲ್ಲು ಕಲ್ಲಿನ ನಡುವೆ ಇನ್ನಷ್ಟು ಪೊಳ್ಳು. ಈ ಕಲ್ಲನ್ನು ವಿಜ್ಞಾನದ ಪುಸ್ತಕಕ್ಕೆ ಸೇರಿಸಿದ್ದು ಫ್ರಾನ್ಸಿಸ್ ಬುಕನನ್. ಕೇರಳದ ಅಂಗಾಡಿಪುರದಲ್ಲಿ ಕಂಡ ಕಲ್ಲನ್ನು ಅವನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಲ್ಯಾಟರೈಟ್ ಎಂದು ಕರೆದ. ಅದೇ ಪ್ರವಾಸದಲ್ಲಿ, 1801ರಲ್ಲಿ, ಅವನು ಅಂಕೋಲೆಯನ್ನು ಹಾದು ಸದಾಶಿವಗಡದ ಕಡೆ ಹೋಗಿದ್ದ. ಹಾರವಾಡವಿರುವುದೂ ಆ ಕರಾವಳಿಯಲ್ಲೇ.

ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಸೀಮೆಯಲ್ಲಿ ಮೂರು ಮಿಲಿಮೀಟರಿನ ಹುಳು ಬದುಕುವುದು ಹೇಗೆ? ದಪ್ಪ ಗೋಡೆಯೊಳಗೆ ಹಗಲು ರಾತ್ರಿಯ ತಾಪದ ಏರಿಳಿತ ಕಡಿಮೆ. ಚಾಚಿಕೊಂಡ ಮಾಡು ಗೋಡೆಗೆ ಇರಚಲು ಬಡಿಯದಂತೆ ಕಾಯುತ್ತದೆ. ಮಿಕ್ಕ ಕೆಲಸವನ್ನು ಮಿಸ್ರಿ ತಾನೇ ಮಾಡಿಕೊಳ್ಳುತ್ತದೆ. ಹಲಸು, ಮಾವು, ಗೇರಿನಂಥ ಮರಗಳ ಅಂಟನ್ನು ಹೊತ್ತು ತಂದು, ತನ್ನ ಮೇಣದ ಜೊತೆ ಕಲಸಿ, ಗೋಡೆಯ ಒಳಗಿನ ಸಂದುಗೊಂದುಗಳನ್ನೆಲ್ಲ ಮೆತ್ತುತ್ತದೆ. ನೀರು ಇಳಿಯದು, ಇರುವೆ ನುಸುಳದು. ಬಾಗಿಲಿನ ಕೊಳವೆಯೂ ಅದೇ ಸಾಮಗ್ರಿಯದು. ಹೊಸದಾಗಿ ಕಟ್ಟಿದ ಅಂಚು ಮೆತ್ತಗಿರುತ್ತದೆ, ಬೆರಳಿಗೆ ಅಂಟುತ್ತದೆ. ಚುಚ್ಚುವ ಮುಳ್ಳು ಈ ಜೇನಿಗೆ ಹೆಸರಿಗಷ್ಟೇ ಇದೆ. ಕೆಣಕಿದರೆ ಕೂದಲೊಳಗೆ, ಕಿವಿಯೊಳಗೆ ನುಗ್ಗಿ ಕಚ್ಚುತ್ತದೆ. ಶತ್ರುವನ್ನು ನಿಜವಾಗಿ ತಡೆಯುವುದು ಆ ಅಂಟೇ.

ಒಳಗಿನ ಏರ್ಪಾಡು ತುಡುವೆಯಂತಿಲ್ಲ. ತುಡುವೆಯ ಆರುಮೂಲೆಯ ಕಣ್ಣುಗಳ ಎರಿ ಇಲ್ಲಿಲ್ಲ. ಮೊಟ್ಟೆಯ ಪುಟ್ಟ ಕೋಶಗಳು ಗೊಂಚಲಾಗಿರುತ್ತವೆ. ಕೆಲಸಗಾರ ಹುಳುಗಳು ಒಂದೊಂದರಲ್ಲೂ ಮರಿಗೆ ಪೂರ್ತಿ ಸಾಕಾಗುವಷ್ಟು ಆಹಾರ ತುಂಬಿ, ಅದರ ಮೇಲೆ ರಾಣಿ ಮೊಟ್ಟೆ ಇಟ್ಟ ಕೂಡಲೇ ಮುಚ್ಚಿಬಿಡುತ್ತವೆ. ತುಪ್ಪಕ್ಕೂ ಪರಾಗಕ್ಕೂ ಪಕ್ಕದಲ್ಲಿ ಬೇರೆ ಬೇರೆ ಮೇಣದ ಕುಡಿಕೆಗಳು.

ಕುಟುಂಬ ಒಡೆಯುವ ರೀತಿಯೂ ಬೇರೆ. ತುಡುವೆಯಲ್ಲಿ ಹಳೆಯ ರಾಣಿ ಹಿಂಡು ಕಟ್ಟಿಕೊಂಡು ಹೊರಡುತ್ತಾಳೆ, ಮನೆ ಮಗಳ ಪಾಲಾಗುತ್ತದೆ. ಮಿಸ್ರಿಯ ಹಳೆಯ ರಾಣಿಗೆ ಹೊಟ್ಟೆ ಊದಿಕೊಂಡು ಹಾರಲಾಗುವುದಿಲ್ಲ, ಹೊರಡುವವಳು ಹೊಸ ರಾಣಿ. ಅದಕ್ಕೂ ಮೊದಲು ಕೆಲಸಗಾರ ಹುಳುಗಳು ಹೊಸ ಪೊಟರೆ ಹುಡುಕಿ, ತವರಿನ ಗೂಡಿನಿಂದ ಮೇಣ, ಅಂಟು, ಆಹಾರ ಸಾಗಿಸುತ್ತ ಕೆಲ ದಿನಗಳಿಂದ ಹಿಡಿದು ವಾರಗಟ್ಟಲೆ ಓಡಾಡುತ್ತವೆ. ಹಾಗಾಗಿ ಹೊಸ ಮನೆ ತವರಿಗೆ ದೂರ ಇರುವಂತಿಲ್ಲ. ಹೂವಿಗೆ ಹೋಗುವುದೂ ಗೂಡಿನಿಂದ ಕೆಲವು ನೂರು ಮೀಟರ್ ಅಳತೆಯೊಳಗೇ.

ಒಂದೊಂದು ಕೊಳವೆಯನ್ನೂ ಬರೆದಿಡಬೇಕು ಎನ್ನುವುದಕ್ಕೆ ಕಾರಣ ಇಲ್ಲೇ ಇದೆ. ಒಳಗೆ ರಾಣಿಯರು ಬದಲಾಗುತ್ತ ಹೋದರೂ ಗೂಡು ಅದೇ ಪೊಟರೆಯಲ್ಲಿ ವರ್ಷಾನುಗಟ್ಟಲೆ ಮುಂದುವರಿಯುತ್ತದೆ. ಹತ್ತಿರದ ಗೂಡುಗಳು ಒಂದಕ್ಕೊಂದು ತಾಯಿ ಮಕ್ಕಳಾಗಿರುವ ಸಾಧ್ಯತೆ ಹೆಚ್ಚು. ಒಂದು ಕೇರಿಯ ಹಳೆಯ ಗೋಡೆಗಳು ಒಟ್ಟಿಗೆ ಬಿದ್ದರೆ ಒಂದು ವಂಶವೇ ಅಳಿಸಿಹೋಗಬಹುದು. ದೂರದಿಂದ ಹಾರಿ ಬಂದು ಆ ಜಾಗ ತುಂಬುವ ಶಕ್ತಿ ಈ ಹುಳುವಿಗಿಲ್ಲ. ಗೋಡೆಗಳಂತೂ ಬೀಳುತ್ತಲೇ ಇವೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದ ಮೇಲೆ ಕಾರವಾರ, ಅಂಕೋಲಾ ತಾಲ್ಲೂಕುಗಳ ಹಳ್ಳಿಗಳು ಜಾಗ ಬಿಟ್ಟುಕೊಟ್ಟವು, ಸಾವಿರಾರು ಕುಟುಂಬಗಳು ಮನೆ ತೊರೆದವು. ಆಮೇಲೆ ಹೆದ್ದಾರಿ ಅಗಲವಾಯಿತು. ಉಳಿದ ಮನೆಗಳಿಗೆ ಸಿಮೆಂಟ್ ಗಿಲಾವು ಬರುತ್ತಿದೆ. ತೆರವಾದ ಆ ಗೋಡೆಗಳಲ್ಲಿ ಎಷ್ಟು ಮಿಸ್ರಿ ಗೂಡುಗಳಿದ್ದವೆಂದು ಆಗ ಯಾರಾದರೂ ಎಣಿಸಿ ಇಟ್ಟಿದ್ದರೆ ಇಂದಿಗೆ ಅದೆಷ್ಟು ಬೆಲೆಬಾಳುವ ಪಟ್ಟಿಯಾಗುತ್ತಿತ್ತು!

ಮಿಸ್ರಿ ತುಪ್ಪ ಪ್ರಮಾಣದಲ್ಲಿ ಅತ್ಯಲ್ಪ, ಗೂಡಿಗೆ ವರ್ಷಕ್ಕೆ ಕೆಲವು ನೂರು ಗ್ರಾಂ. ತೆಳುವಾಗಿ, ಹುಳಿ ಸಿಹಿಯಾಗಿರುತ್ತದೆ. ಕೆಮ್ಮಿಗೆಂದು ಮನೆಗಳಲ್ಲಿ ಸಣ್ಣ ಬಾಟಲಿಯಲ್ಲಿ ಎತ್ತಿಡುತ್ತಾರೆ. (ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಯಾವ ಜೇನನ್ನೂ ನೆಕ್ಕಿಸಬಾರದು, ಬೊಟುಲಿಸಂ ಎಂಬ ಮಾರಕ ಕಾಯಿಲೆಯ ಭಯವಿದೆ.) 2020ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ತಂಡವೊಂದು ಆಸ್ಟ್ರೇಲಿಯಾ, ಮಲೇಷ್ಯಾ, ಬ್ರೆಜಿಲ್‌ನ ಇಂಥ ಮುಳ್ಳಿಲ್ಲದ ಜೇನುಗಳ ತುಪ್ಪದಲ್ಲಿ ಟ್ರೆಹಾಲುಲೋಸ್ ಎಂಬ ಅಪರೂಪದ ಸಕ್ಕರೆ ಹೇರಳವಾಗಿರುವುದನ್ನು ಕಂಡುಕೊಂಡಿತು. ಅದು ರಕ್ತಕ್ಕೆ ನಿಧಾನವಾಗಿ ಸೇರುವ ಸಕ್ಕರೆ. ಆದರೆ ತುಪ್ಪಕ್ಕಿಂತ ದೊಡ್ಡ ಲಾಭ ತೋಟದ್ದು. 2023ರಲ್ಲಿ ಭೌಗೋಳಿಕ ಗುರುತು ಪಡೆದ ಅಂಕೋಲೆಯ ಕರಿ ಈಶಾಡ ಮಾವನ್ನೇ ತೆಗೆದುಕೊಳ್ಳಿ. ಮಾವಿನ ಸಣ್ಣ ಹೂವಿಗೆ ಬರುವವರಲ್ಲಿ ನೊಣಗಳ ಜೊತೆ ಮಿಸ್ರಿಯೂ ಇದೆ.

ಬರೆದಿಡಲು ಹೊಸ ಕಾನೂನು ಬೇಕಿಲ್ಲ, ಹೊಸ ಕಚೇರಿಯೂ ಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ಈ ಕಲ್ಪನೆಗೆ ರೂಪ ಕೊಟ್ಟವರಲ್ಲಿ ಪ್ರಮುಖರಾದ ಮಾಧವ ಗಾಡ್ಗೀಳ್ ಅವರ ಕೆಲಸದ ದೊಡ್ಡ ಭಾಗ ನಡೆದದ್ದು ಉತ್ತರ ಕನ್ನಡದಲ್ಲೇ. ಇಂಥ ದಾಖಲಾತಿಯಲ್ಲಿ ಮರ, ಮೀನು, ಭತ್ತದ ತಳಿಗಳ ಜೊತೆ ಗೋಡೆಗೂಡುಗಳಿಗೂ ಒಂದು ಪುಟ ಸಿಗಲೇಬೇಕು.

ಆ ಪುಟದಲ್ಲಿ ಏನಿರಬೇಕು? ಗೋಡೆ ಚಿರೆಕಲ್ಲಿನದೋ ಮಣ್ಣಿನದೋ, ಕೊಳವೆ ನೆಲದಿಂದ ಎಷ್ಟು ಎತ್ತರದಲ್ಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ, ಎಷ್ಟು ಉದ್ದ ಎಂಬುದು ಮೊದಲು. ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ತೆಗೆದ ಒಂದು ಫೋಟೊ. ಗೂಡು ಜೀವಂತವಿದೆಯೇ ಎಂಬುದನ್ನು ಬೆಳಗಿನ ಹೊತ್ತಿನಲ್ಲೇ ನೋಡಬೇಕು. ಕಾವಲಿನ ಹುಳುಗಳೂ ಪರಾಗ ಹೊತ್ತವೂ ಕಂಡರೆ ಸಂಶಯವಿಲ್ಲ. ಕೊಳವೆ ಒಣಗಿ ಪುಡಿಯಾಗುತ್ತಿದ್ದು ಬಾಯಿಗೆ ಜೇಡರ ಬಲೆ ಕಟ್ಟಿದ್ದರೆ ಒಳಗೆ ಯಾರೂ ಇಲ್ಲ. ಆ ಖಾಲಿ ಗೂಡನ್ನೂ ಬರೆಯಬೇಕು. ಕೊನೆಯದಾಗಿ, ಮನೆಯ ಹಿರಿಯರನ್ನು ಕೇಳಬೇಕು: ಇದು ಯಾವಾಗಿನಿಂದ ಇದೆ, ತುಪ್ಪ ತೆಗೆಯುತ್ತಿದ್ದರೇ, ಕಲ್ಲು ಸಡಿಲಿಸಿ ತೆಗೆದು ಮತ್ತೆ ಮಣ್ಣು ಮೆತ್ತುತ್ತಿದ್ದರೇ? ಮನೆ ಕಟ್ಟಿದ ವರ್ಷ ಅನೇಕರಿಗೆ ನೆನಪಿರುತ್ತದೆ. ಅದರಿಂದ ಗೂಡಿನ ವಯಸ್ಸಿಗೆ ಒಂದು ಮಿತಿ ಸಿಗುತ್ತದೆ. ಮನೆಯವರ ಹೆಸರನ್ನೂ ನಿಖರ ಜಾಗವನ್ನೂ ಅಂತರ್ಜಾಲಕ್ಕೆ ಹಾಕದಿರುವುದು ಒಳ್ಳೆಯದು. ತುಪ್ಪದ ಆಸೆಗೆ ಗೋಡೆ ಕೀಳುವವರು ಎಲ್ಲೆಡೆ ಇದ್ದಾರೆ.

ಮನೆ ಕೆಡವಲೇಬೇಕಾದಾಗಲೂ ದಾರಿಯಿದೆ. ಕೆಲವು ತಿಂಗಳು ಮುಂಚೆಯೇ ಕೊಳವೆಗೆ ಒಂದು ಪೈಪ್ ಜೋಡಿಸಿ, ಅದರ ಇನ್ನೊಂದು ತುದಿಯನ್ನು ಮರದ ಪುಟ್ಟ ಪೆಟ್ಟಿಗೆಗೆ ಕೂಡಿಸುತ್ತಾರೆ. ಮೂಲ ಕೊಳವೆಯ ಅಂಟುಮೇಣವನ್ನು ಪೆಟ್ಟಿಗೆಯ ಹೊರಬಾಯಿಗೆ ಮೆತ್ತುತ್ತಾರೆ, ಹುಳುಗಳು ವಾಸನೆಯಿಂದ ತಮ್ಮ ಬಾಗಿಲನ್ನು ಗುರುತಿಸುತ್ತವೆ. ಓಡಾಟವೆಲ್ಲ ಪೆಟ್ಟಿಗೆಯ ಮೂಲಕವೇ ಆಗಬೇಕಾಗಿ ಬಂದಾಗ ಅವು ಅಲ್ಲಿಯೂ ಕುಡಿಕೆ, ಕೋಶ ಕಟ್ಟತೊಡಗುತ್ತವೆ. ಗೋಡೆ ಬಿಚ್ಚುವ ದಿನ ಒಳಗಿರುವ ಮೊಟ್ಟೆಗೊಂಚಲನ್ನೂ ರಾಣಿಯನ್ನೂ ಜೋಪಾನವಾಗಿ ಪೆಟ್ಟಿಗೆಗೆ ಸೇರಿಸಿ, ಕತ್ತಲಾಗಿ ಹುಳುಗಳೆಲ್ಲ ಮರಳಿದ ಮೇಲೆ ಬಾಯಿ ಮುಚ್ಚಿ ಹೊಸ ಜಾಗಕ್ಕೆ ಒಯ್ಯಬಹುದು. ಆಗ ಪಂಚಾಯಿತಿಯ ಪುಸ್ತಕದಲ್ಲಿ ಹಳೆಯ ಗೋಡೆಯ ನಮೂದನ್ನು ಹಾಗೇ ಉಳಿಸಿ, ಅದರ ಕೆಳಗೆ ಸ್ಥಳಾಂತರದ ದಿನಾಂಕವನ್ನೂ ಪೆಟ್ಟಿಗೆ ಈಗ ಇರುವ ಜಾಗವನ್ನೂ ಸೇರಿಸಬೇಕು.