ಬೆನ್ನ ಮೇಲೊಂದು ಬಟ್ಟಲು

ವಿಜಯನಗರದ ದರ್ಜಿಗೆ ಹೊಲಿಗೆ ಯಂತ್ರದ ಮುಂದೆ ಬಾಗಿ ಬಾಗಿ ಬೆನ್ನುನೋವು. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಲೇಥ್ ನಡೆಸುವವನಿಗೆ ನಿಂತು ನಿಂತು ಬೆನ್ನುನೋವು. ಕೆಂಗೇರಿಯಿಂದ ಮೆಜೆಸ್ಟಿಕ್‌ಗೆ ಆಟೋ ಓಡಿಸುವವನಿಗೆ ರಸ್ತೆ ಗುಂಡಿಗಳ ಕೃಪೆಯಿಂದ ಬೆನ್ನುನೋವು. ಬಸವೇಶ್ವರನಗರದ ಮನೆಯಲ್ಲಿ ಕಂಪ್ಯೂಟರ್ ಮುಂದೆ ದಿನವಿಡೀ ಕೂರುವಾಕೆಗೆ ಕೂತಲ್ಲೇ ಬೆನ್ನುನೋವು. ಮುಲಾಮು ಹಚ್ಚಿ, ಬಿಸಿನೀರಿನ ಶಾಖ ಕೊಟ್ಟು, ಮಾತ್ರೆ ನುಂಗಿ ಸಾಕಾದ ಮೇಲೆ ಹಿತೈಷಿಯೊಬ್ಬರು ಹೇಳುತ್ತಾರೆ: ‘ಒಂದ್ಸಲ ಕಪ್ಪಿಂಗ್ ಮಾಡಿಸಿ ನೋಡಿ ಸಾರ್. ಒಳಗಿರೋ ಕೆಟ್ಟ ರಕ್ತ ಎಲ್ಲ ಎಳೆದು ಹಾಕುತ್ತೆ.’

ಹೋದರೆ ನಡೆಯುವುದಿಷ್ಟು. ಅಂಗಿ ಕಳಚಿ ಬೋರಲು ಮಲಗಬೇಕು. ಬೆನ್ನಿಗೆ ಕೊಂಚ ಎಣ್ಣೆ ಸವರುತ್ತಾರೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಗೆ ಬೆಂಕಿ ತಾಗಿಸಿ, ಗಾಜಿನ ಬಟ್ಟಲೊಳಗೆ ಒಂದು ಸುತ್ತು ಆಡಿಸಿ ತೆಗೆದು, ಬಟ್ಟಲನ್ನು ಥಟ್ಟನೆ ಬೆನ್ನಿನ ಮೇಲೆ ಕವುಚುತ್ತಾರೆ. ಚರ್ಮ ಒಳಗೆ ಬನ್ನಿನಂತೆ ಉಬ್ಬಿ ನಿಲ್ಲುತ್ತದೆ. ಬೆಂಕಿಯ ಬದಲು ಪ್ಲಾಸ್ಟಿಕ್ ಬಟ್ಟಲಿಗೆ ಸಣ್ಣ ಪಂಪು ಜೋಡಿಸಿ ಗಾಳಿ ಹೀರುವವರೂ ಉಂಟು. ಐದು ಹತ್ತು ನಿಮಿಷದ ಬಳಿಕ ಬಟ್ಟಲು ತೆಗೆದರೆ ಬೆನ್ನ ತುಂಬ ಕೆಂಪು, ನೇರಳೆ ಚಕ್ರಗಳು. ಇದು ಒಣ ಕಪ್ಪಿಂಗ್. ಚರ್ಮಕ್ಕೆ ಸಣ್ಣ ಗೀರು ಹಾಕಿ, ಮತ್ತೆ ಬಟ್ಟಲಿಟ್ಟು ರಕ್ತ ತೆಗೆದರೆ ಅದು ಹಸಿ ಕಪ್ಪಿಂಗ್. ಯುನಾನಿ ಪದ್ಧತಿಯಲ್ಲಿ ಇದಕ್ಕೆ ಹಿಜಾಮಾ ಎಂದು ಹೆಸರು.

ಸುಶ್ರುತನ ಕಾಲದ ಬುರುಡೆ

ಪಶ್ಚಿಮ ಬೆಂಗಳೂರಿನವರು ಇದರ ಶಾಸ್ತ್ರೀಯ ರೂಪವನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಿದೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಜೊತೆಗೂಡಿ 1984ರಲ್ಲಿ ಸ್ಥಾಪಿಸಿದ ಸಂಸ್ಥೆ ಇದು. 2004ರಿಂದ ಇಲ್ಲಿ ಸ್ನಾತಕೋತ್ತರ ಶಿಕ್ಷಣ ನಡೆಯುತ್ತಿದೆ. ಔಷಧಿಯ ಬದಲು ಮರ್ದನ, ಜಿಗಣೆ, ಹಿಜಾಮಾಗಳಂಥ ಕ್ರಮಗಳಿಂದ ಚಿಕಿತ್ಸೆ ಮಾಡುವ ಯುನಾನಿಯ ಶಾಖೆಗೆ ‘ಇಲಾಜ್ ಬಿತ್ ತದ್ಬೀರ್’ ಎನ್ನುತ್ತಾರೆ. ಈ ಸಂಸ್ಥೆಯಲ್ಲಿ ಅದಕ್ಕೊಂದು ಪ್ರತ್ಯೇಕ ವಿಭಾಗವೇ ಇದೆ.

ಹಾಗೆಂದು ಇದು ಹೊರಗಿನಿಂದ ಬಂದ ವಿದ್ಯೆ ಮಾತ್ರ ಎಂದುಕೊಳ್ಳಬೇಕಿಲ್ಲ. ಸುಶ್ರುತ ಸಂಹಿತೆಯಲ್ಲೂ ಇದರ ವಿವರವಿದೆ. ವಾತದಿಂದ ಕೆಟ್ಟ ರಕ್ತಕ್ಕೆ ಕೊಂಬು, ಪಿತ್ತಕ್ಕೆ ಜಿಗಣೆ, ಕಫಕ್ಕೆ ಸೋರೆ ಬುರುಡೆ ಎಂದು ಅಲ್ಲಿ ವಿಂಗಡಿಸಿದೆ. ಕೊಂಬನ್ನು ಬಾಯಿಂದ ಹೀರಬೇಕು, ಬುರುಡೆಯೊಳಗೆ ದೀಪ ಇಡಬೇಕು. ಇಂದಿನ ಪಂಪು ಮತ್ತು ಇಂದಿನ ಬೆಂಕಿ ಎರಡೂ ಅಂದೇ ಇದ್ದುವು ಎಂದಾಯಿತು! ಕ್ರಿ.ಪೂ. 1550ರ ಸುಮಾರಿನದೆನ್ನಲಾದ ಈಜಿಪ್ಟಿನ ಎಬರ್ಸ್ ಪಪೈರಸ್‌ನಲ್ಲೂ, ಗ್ರೀಕ್ ವೈದ್ಯ ಹಿಪೊಕ್ರೇಟಸ್‌ನ ಹೆಸರಿನ ಗ್ರಂಥಗಳಲ್ಲೂ, ಇಬ್ನ್ ಸಿನಾ ಬರೆದ ‘ಅಲ್ ಕಾನೂನ್’ನಲ್ಲೂ ಇದರ ಪ್ರಸ್ತಾಪವಿದೆ.

ಇಷ್ಟು ಹಳೆಯದಾದದ್ದು ಸುಳ್ಳಿರಲಾರದು ಎಂದು ಕೆಲವರು ವಾದಿಸುತ್ತಾರೆ. ಇಷ್ಟು ಹಳೆಯದಾದದ್ದು ಮೂಢನಂಬಿಕೆಯೇ ಇರಬೇಕು ಎಂದು ಇನ್ನು ಕೆಲವರು ತಳ್ಳಿಹಾಕುತ್ತಾರೆ. ಎರಡೂ ಅವಸರದ ತೀರ್ಮಾನಗಳು. ಬಟ್ಟಲೊಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ.

ಎಳೆಯುವುದು ಯಾರು?

ಶಾಲೆಯಲ್ಲಿ ಎಲ್ಲರೂ ಮಾಡಿದ ಪ್ರಯೋಗವೊಂದನ್ನು ನೆನಪಿಸಿಕೊಳ್ಳಿ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಮೇಲೆ ಕವುಚಿದ ಗಾಜಿನ ಲೋಟ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ‘ಆಮ್ಲಜನಕ ಉರಿದು ಮುಗಿಯಿತು, ಆ ಜಾಗಕ್ಕೆ ನೀರು ಬಂತು’ ಎಂದು ಬರೆದು ಅಂಕ ಪಡೆದವರೇ ಹೆಚ್ಚು. ಆದರೆ ಅದು ಸರಿಯಾದ ಉತ್ತರವಲ್ಲ. ಆಮ್ಲಜನಕವೆಲ್ಲ ಮುಗಿಯುವ ಮೊದಲೇ ಬತ್ತಿ ಆರುತ್ತದೆ. ಉರಿದ ಆಮ್ಲಜನಕದ ಜಾಗಕ್ಕೆ ಇಂಗಾಲದ ಡೈಆಕ್ಸೈಡ್, ನೀರಾವಿಗಳು ಬಂದಿರುತ್ತವೆ. ನಿಜವಾದ ಕಾರಣ ಶಾಖ. ಬಿಸಿಗೆ ಹಿಗ್ಗಿದ ಗಾಳಿಯಲ್ಲಿ ಒಂದಷ್ಟು ಹೊರಹೋಗುತ್ತದೆ. ಉಳಿದದ್ದು ತಣ್ಣಗಾದಾಗ ಒಳಗಿನ ಒತ್ತಡ ಕುಸಿಯುತ್ತದೆ. ಹೊರಗಿನ ವಾತಾವರಣ ನೀರನ್ನು ಒಳಕ್ಕೆ ದೂಡುತ್ತದೆ.

ಬೆನ್ನ ಮೇಲಿನ ಬಟ್ಟಲಿನ ಕಥೆಯೂ ಇದೇ. ಎಳನೀರಿಗೆ ಸ್ಟ್ರಾ ಹಾಕಿ ಹೀರಿದಾಗ ನಾವು ನೀರನ್ನು ಎಳೆಯುತ್ತಿದ್ದೇವೆ ಅನ್ನಿಸುತ್ತದೆ. ವಾಸ್ತವವಾಗಿ ಹೊರಗಿನ ಗಾಳಿ ನೀರನ್ನು ಮೇಲಕ್ಕೆ ದಬ್ಬುತ್ತಿರುತ್ತದೆ. ನಿರ್ವಾತಕ್ಕೆ ಎಳೆಯುವ ಕೈ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 900 ಗ್ರಾಂ ತೂಕದಷ್ಟು ಒತ್ತುತ್ತದೆ. 5 ಸೆಂಟಿಮೀಟರ್ ಅಗಲದ ಬಟ್ಟಲಿನ ಬಾಯಿಯ ವಿಸ್ತೀರ್ಣ ಸುಮಾರು 20 ಚದರ ಸೆಂಟಿಮೀಟರ್. ಒಳಗಿನ ಒತ್ತಡ ಮೂರನೇ ಒಂದು ಭಾಗ ತಗ್ಗಿತೆಂದರೂ ಒಳಹೊರಗಿನ ವ್ಯತ್ಯಾಸ 6 ಕಿಲೋ ತೂಕದಷ್ಟಾಯಿತು. ಬಟ್ಟಲಿನ ಸುತ್ತಲ ಮೈಮೇಲೆ ಗಾಳಿಯ ಭಾರ ಮೊದಲಿನಂತೆಯೇ ಇದೆ, ಬಟ್ಟಲ ಕೆಳಗೆ ಮಾತ್ರ ಹಗುರಾಗಿದೆ. ಹೀಗಾಗಿ ಅಲ್ಲಿನ ಮಾಂಸ ಚರ್ಮಗಳು ಮೇಲಕ್ಕೆ ಉಬ್ಬುತ್ತವೆ, ರಕ್ತ ಅತ್ತ ನುಗ್ಗುತ್ತದೆ.

ಕಲೆಯ ಗುಟ್ಟು

ಹೀಗೆ ನುಗ್ಗಿದ ರಕ್ತದ ಒತ್ತಡಕ್ಕೆ ಚರ್ಮದಡಿಯ ಕೂದಲೆಳೆಗಿಂತ ಸಣ್ಣ ಲೋಮನಾಳಗಳು ಒಡೆಯುತ್ತವೆ. ರಕ್ತ ಹೊರಗೆ ಸೋರಿ ಚರ್ಮದಡಿ ನಿಲ್ಲುತ್ತದೆ. ಕಪ್ಪಿಂಗ್‌ನ ಕಪ್ಪು ಕಲೆ ಎಂದರೆ ಇಷ್ಟೇ. ಮಂಚದ ಕಾಲಿಗೆ ಮೊಣಕಾಲು ಬಡಿದಾಗ ಆಗುವ ಕಲೆಗೂ ಇದಕ್ಕೂ ಜಾತಿಭೇದವಿಲ್ಲ. ದಿನ ಕಳೆದಂತೆ ಅದು ಹಸಿರು, ಹಳದಿಗೆ ತಿರುಗಿ ಮಾಯವಾಗುವುದೂ ಹಾಗೆಯೇ. ಸೋರಿದ ರಕ್ತದ ಹಿಮೋಗ್ಲೋಬಿನ್ ಹಂತಹಂತವಾಗಿ ವಿಭಜನೆಯಾಗುತ್ತಿರುತ್ತದೆ. ‘ಕಲೆ ಎಷ್ಟು ಕಪ್ಪೋ ಅಷ್ಟು ವಿಷ ಇತ್ತು’ ಎನ್ನುವ ಮಾತಿಗೆ ಆಧಾರವಿಲ್ಲ. ಕಲೆ ಹೇಳುವುದು ಬಟ್ಟಲನ್ನು ಎಷ್ಟು ಬಿಗಿಯಾಗಿ, ಎಷ್ಟು ಹೊತ್ತು ಇಟ್ಟರು ಮತ್ತು ಚರ್ಮ ಎಷ್ಟು ಸೂಕ್ಷ್ಮ ಎಂಬುದನ್ನು.

ಹಸಿ ಕಪ್ಪಿಂಗ್‌ನಲ್ಲಿ ಬಟ್ಟಲಲ್ಲಿ ಕಡುಗೆಂಪಾಗಿ ಜೆಲ್ಲಿಯಂತೆ ಗಟ್ಟಿಯಾದ ರಕ್ತ ತೋರಿಸಿ ‘ನೋಡಿ, ಕೆಟ್ಟ ರಕ್ತ’ ಎನ್ನುವುದುಂಟು. ದೇಹದಿಂದ ಹೊರಬಂದ ಆರೋಗ್ಯವಂತನ ರಕ್ತವೂ ಹೆಪ್ಪುಗಟ್ಟುತ್ತದೆ, ಗಟ್ಟದಿದ್ದರೇ ಚಿಂತೆ. ಆಮ್ಲಜನಕ ಬಿಟ್ಟುಕೊಟ್ಟ ರಕ್ತದ ಬಣ್ಣವೂ ಕಡುಗೆಂಪೇ. ರಕ್ತದಲ್ಲಿ ಒಳ್ಳೆಯದು, ಕೆಟ್ಟದ್ದು ಎಂದು ಎರಡು ಪಾಲು ಇರುವುದಿಲ್ಲ. ದೇಹದ ಐದು ಲೀಟರ್ ರಕ್ತವೂ ಒಂದೇ ಸಮನೆ ಸುತ್ತುತ್ತಿರುತ್ತದೆ. ಅದನ್ನು ಶುಚಿ ಮಾಡುವ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ಬಟ್ಟಲಿನ ನೆರವಿಲ್ಲದೆ ಹಗಲಿರುಳು ಮಾಡುತ್ತಿರುತ್ತವೆ.

ಆದರೆ ನೋವು ಹೋಯಿತಲ್ಲ?

ಇಷ್ಟೆಲ್ಲ ಹೇಳಿದರೆ ಮಾಡಿಸಿಕೊಂಡವರು ಒಪ್ಪುವುದಿಲ್ಲ. ‘ನನಗೆ ಆರಾಮಾಗಿದೆ, ನಿಮ್ಮ ವಿವರಣೆ ಕಟ್ಟಿಕೊಂಡು ಏನು ಮಾಡಲಿ?’ ಎನ್ನುತ್ತಾರೆ. ಅವರು ಹೇಳುವುದು ಸುಳ್ಳೇನಲ್ಲ. ಬಿಗಿದುಕೊಂಡ ಸ್ನಾಯು ಹಿಗ್ಗಿದಾಗ ಹಾಯೆನಿಸುತ್ತದೆ. ಒಂದು ಕಡೆ ಒತ್ತಡ, ಉರಿ ಉಂಟಾದಾಗ ನರಗಳು ಹಳೆಯ ನೋವಿನ ಸುದ್ದಿಯನ್ನು ಕೆಲಕಾಲ ತಡೆಯುತ್ತವೆ. ಪೆಟ್ಟು ಬಿದ್ದ ಜಾಗವನ್ನು ನಾವು ಉಜ್ಜಿಕೊಳ್ಳುವುದು ಇದಕ್ಕೇ. ಅರ್ಧ ಗಂಟೆ ಮಲಗಿ, ಕಾಳಜಿಯ ಕೈಯೊಂದು ಬೆನ್ನು ಮುಟ್ಟುವುದೂ ಸಣ್ಣ ಔಷಧವಲ್ಲ. ಮುಖ್ಯವಾದ ಇನ್ನೊಂದು ಸಂಗತಿಯಿದೆ. ಹೊಸದಾಗಿ ಬಂದ ಬೆನ್ನುನೋವು ಬಹುತೇಕ ಜನರಲ್ಲಿ ಕೆಲವೇ ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ನೋವು ತಾರಕಕ್ಕೇರಿದಾಗ ನಾವು ಚಿಕಿತ್ಸೆಗೆ ಹೋಗುತ್ತೇವೆ. ಆಮೇಲೆ ಅದು ಇಳಿದರೆ ಕೀರ್ತಿ ಕೊನೆಯಲ್ಲಿ ಮಾಡಿಸಿದ ಚಿಕಿತ್ಸೆಗೆ ಸಲ್ಲುತ್ತದೆ.

ಇವನ್ನೆಲ್ಲ ಬಿಡಿಸಿ ನೋಡುವ ಪರೀಕ್ಷೆಯೊಂದು ಬ್ರೆಜಿಲ್‌ನಲ್ಲಿ ನಡೆಯಿತು. ಅದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಬಹುಕಾಲದ ಸೊಂಟನೋವಿದ್ದ 90 ಜನರನ್ನು ಎರಡು ಗುಂಪು ಮಾಡಿ, ವಾರಕ್ಕೊಮ್ಮೆಯಂತೆ ಎಂಟು ವಾರ ಬಟ್ಟಲಿಟ್ಟರು. ಒಂದು ಗುಂಪಿನ ಬಟ್ಟಲು ಸರಿಯಾದದ್ದು. ಇನ್ನೊಂದರದ್ದರಲ್ಲಿ ಸಣ್ಣ ರಂಧ್ರ. ಇಟ್ಟ ಕೆಲವೇ ಕ್ಷಣಗಳಲ್ಲಿ ಗಾಳಿ ಒಳನುಗ್ಗಿ ನಿರ್ವಾತ ಮಾಯ. ಕೊನೆಯಲ್ಲಿ ನೋವನ್ನು ಅಳೆದು ನೋಡಿದರೆ ನಿಜವಾದ ಬಟ್ಟಲು ತೂತು ಬಟ್ಟಲಿಗಿಂತ ಹೆಚ್ಚಿನದೇನನ್ನೂ ಸಾಧಿಸಿರಲಿಲ್ಲ. ಯಾವ ಚಿಕಿತ್ಸೆಯೂ ಇಲ್ಲದವರಿಗೆ ಹೋಲಿಸಿದ ಬೇರೆ ಅಧ್ಯಯನಗಳಲ್ಲಿ ಅಲ್ಪಕಾಲದ ಉಪಶಮನ ಕಂಡದ್ದುಂಟು. ಆದರೆ ಅವುಗಳಲ್ಲಿ ಹೆಚ್ಚಿನವು ಸಣ್ಣವು, ಗುಣಮಟ್ಟದಲ್ಲೂ ಸಾಧಾರಣ.

ಕ್ರೀಡಾಪಟುಗಳ ಸ್ನಾಯು ಚೇತರಿಕೆಯ ವಿಷಯವೂ ಹೀಗೆಯೇ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲೆ ಈ ಚಕ್ರಗಳು ಕಂಡದ್ದೇ ತಡ, ಜಗತ್ತಿನ ಜಿಮ್‌ಗಳಿಗೆಲ್ಲ ಕಪ್ಪಿಂಗ್ ಹಬ್ಬಿತು. ವ್ಯಾಯಾಮದ ಮಾರನೆಯ ದಿನ ಮೈ ನೋಯುವುದು ಲ್ಯಾಕ್ಟಿಕ್ ಆಮ್ಲದಿಂದ, ಬಟ್ಟಲು ಅದನ್ನು ಎಳೆಯುತ್ತದೆ ಎಂಬ ಮಾತೂ ಜೊತೆಗೆ ಹರಡಿತು. ಆ ಆಮ್ಲ ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯೊಳಗೆ ತೆರವಾಗಿರುತ್ತದೆ. ಮಾರನೆಯ ದಿನದ ನೋವು ಸ್ನಾಯುವಿನ ಎಳೆಗಳಿಗೆ ಆದ ಸೂಕ್ಷ್ಮ ಗಾಯದ್ದು. ಅದನ್ನು ರಿಪೇರಿ ಮಾಡುವುದು ನಿದ್ದೆ, ಊಟ ಮತ್ತು ಕಾಲ.

ಎಚ್ಚರ ತಪ್ಪಿದರೆ

ಒಣ ಕಪ್ಪಿಂಗ್‌ನಿಂದ ಸಾಮಾನ್ಯವಾಗಿ ದೊಡ್ಡ ಹಾನಿಯಿಲ್ಲ. ಕೈತಪ್ಪಿದರೆ ಸುಟ್ಟ ಗಾಯ, ಬೊಬ್ಬೆ ಆಗಬಹುದು. ಹಸಿ ಕಪ್ಪಿಂಗ್ ಹಾಗಲ್ಲ. ಬ್ಲೇಡು, ಬಟ್ಟಲು ಶುದ್ಧವಾಗಿಲ್ಲದಿದ್ದರೆ ಹೆಪಟೈಟಿಸ್ ಬಿ, ಎಚ್‌ಐವಿಯಂಥ ಸೋಂಕು ಒಬ್ಬರಿಂದ ಒಬ್ಬರಿಗೆ ದಾಟಬಲ್ಲದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ರಕ್ತಹೀನತೆಯವರು, ಹತೋಟಿಯಿಲ್ಲದ ಮಧುಮೇಹಿಗಳು, ಗರ್ಭಿಣಿಯರು ಇದರಿಂದ ದೂರವಿರುವುದೇ ಲೇಸು. ಮಾಡುವವರು ನೋಂದಾಯಿತ ವೈದ್ಯರೇ, ಬ್ಲೇಡು ಹೊಸದೇ ಎಂದು ಕೇಳಲು ಸಂಕೋಚಪಡಬೇಕಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಬಟ್ಟಲಲ್ಲಿಲ್ಲ, ತಡಮಾಡುವುದರಲ್ಲಿದೆ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಇನ್ನೂ ಅಪರೂಪವಲ್ಲ. ಬೆನ್ನುನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೆ ಪರೀಕ್ಷೆ ಮಾಡಿಸಲೇಬೇಕು. ಕಾಲಿನಲ್ಲಿ ಬಲ ಕುಂದಿದರೆ, ತೊಡೆಗಳ ಸಂದಿಯಲ್ಲಿ ಸ್ಪರ್ಶ ತಪ್ಪಿದರೆ, ಮೂತ್ರ ಕಟ್ಟಿದರೆ ಅಥವಾ ಮಲಮೂತ್ರದ ಹಿಡಿತ ಹೋದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಅಂಥವರು ‘ಇನ್ನೆರಡು ಸಿಟ್ಟಿಂಗ್ ನೋಡೋಣ’ ಎಂದು ಕಾದರೆ ಕಾಲನ್ನೇ ಕಳೆದುಕೊಂಡಾರು.

ಉಳಿದವರಿಗೆ? ಬಹುಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮಾರ್ಗದರ್ಶಿ ಹೊರತಂದಿತು. 2020ರಲ್ಲಿ ಲೋಕದ ಸುಮಾರು 62 ಕೋಟಿ ಜನರಿಗೆ ಸೊಂಟನೋವಿತ್ತು ಎಂಬುದು ಆ ಸಂಸ್ಥೆ ಕೊಟ್ಟ ಅಂಕಿ. ಅದರ ಸಲಹೆಗಳಲ್ಲಿ ಮುಖ್ಯವಾದವು ಸರಳವಾಗಿವೆ: ನೋವಿನ ಬಗ್ಗೆ ತಿಳಿವಳಿಕೆ, ಕ್ರಮವಾದ ವ್ಯಾಯಾಮ, ಅಗತ್ಯ ಕಂಡರೆ ಮಾಲೀಸು, ನೋವಿನ ಮಾತ್ರೆ. ಸೊಂಟಕ್ಕೆ ಬೆಲ್ಟು ಕಟ್ಟುವುದನ್ನು, ಸೊಂಟವನ್ನು ಯಂತ್ರದಿಂದ ಜಗ್ಗುವುದನ್ನು ಅದು ವಾಡಿಕೆಯ ಚಿಕಿತ್ಸೆಯಾಗಿ ಒಪ್ಪಿಲ್ಲ.

ದರ್ಜಿ ಗಂಟೆಗೊಮ್ಮೆ ಯಂತ್ರ ಬಿಟ್ಟು ಎದ್ದು ಬೀದಿಯ ಕೊನೆಯವರೆಗೆ ನಡೆದು ಬಂದರೆ, ಆಟೋದವನು ಸ್ಟ್ಯಾಂಡಿನಲ್ಲಿ ಸೀಟು ಬಿಟ್ಟಿಳಿದು ಮೈಮುರಿದರೆ ಅದಕ್ಕೆ ಖರ್ಚಿಲ್ಲ, ಕಲೆಯೂ ಇಲ್ಲ. ಶುಚಿಯಾದ ಕೈ ಇಟ್ಟ ಒಣ ಬಟ್ಟಲು ಒಂದಿಷ್ಟು ಹಾಯೆನಿಸಿದರೆ ಅದಕ್ಕೆ ಬೇಡವೆನ್ನುವವರಾರು? ಆದರೆ ನೋವನ್ನು ಯಾರೋ ಬಂದು ಎಳೆದು ತೆಗೆಯುತ್ತಾರೆಂದು ಬೋರಲು ಮಲಗಿ ಕಾಯುವುದರಲ್ಲಿ ಅರ್ಥವಿಲ್ಲ. ಬಟ್ಟಲು ಏನನ್ನೂ ಎಳೆಯುವುದಿಲ್ಲ. ಬೆನ್ನು ಬಾಗಿದ್ದನ್ನು ನೆಟ್ಟಗೆ ಮಾಡಲು ಬೆನ್ನಿನವನೇ ಎದ್ದು ನಡೆಯಬೇಕು.