ನಿಮಗಿದು ಗೊತ್ತೆ? ಸಮ್ಮೇಳನಕ್ಕೂ ಮೆಟ್ರೋ ದಾರಿ

ಸಭೆ, ಸಮ್ಮೇಳನಗಳಿಂದ ಪರಿಸರಕ್ಕಾಗುವ ಹಾನಿಯಲ್ಲಿ ಸಾಮಾನ್ಯವಾಗಿ ದೊಡ್ಡ ಪಾಲು ಜನರ ಓಡಾಟದ್ದು. ಹಾಗಾಗಿ ಸಭಾಂಗಣದ ಎ.ಸಿ., ದೀಪಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ: ಅಲ್ಲಿಗೆ ಕಾರಿಲ್ಲದೆ ಹೋಗಬಹುದೇ?

ಪೀಣ್ಯದಾಚೆ, ತುಮಕೂರು ರಸ್ತೆಯ ಮಾದಾವರದಲ್ಲಿರುವ ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರವನ್ನೇ ನೋಡಿ. ಯಂತ್ರೋಪಕರಣ ತಯಾರಕರ ಸಂಘ ಕಟ್ಟಿಸಿದ ಈ ಕೇಂದ್ರ 2007ರಲ್ಲಿ ಶುರುವಾಯಿತು. ಆದರೆ ಹಸಿರು ಮಾರ್ಗದ ಮೆಟ್ರೋ 2015ರಲ್ಲಿ ನಾಗಸಂದ್ರಕ್ಕೆ ಬಂದು ಅಲ್ಲೇ ನಿಂತಿತ್ತು. ಉಳಿದ ಮೂರು ಚಿಲ್ಲರೆ ಕಿಲೋಮೀಟರ್ ದಾಟಿ ರೈಲು ಮಾದಾವರ ತಲುಪಿದ್ದು 2024ರ ನವೆಂಬರ್ 7ರಂದು. ದೊಡ್ಡ ಮೇಳಗಳ ದಿನ ಹೆದ್ದಾರಿಯಲ್ಲಿ ಸಿಕ್ಕಿಬಿದ್ದವರಿಗೆ ಇದರ ಬೆಲೆ ಗೊತ್ತು!

ಮಾದಾವರವಷ್ಟೇ ಅಲ್ಲ, ವೈಟ್‌ಫೀಲ್ಡ್‌ಗೆ 2023ರಲ್ಲಿ ನೇರಳೆ ಮಾರ್ಗ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬಂದಿವೆ; ಅಲ್ಲಿನ ಸಭೆಗಳಿಗೂ ಮೆಟ್ರೋದಲ್ಲೇ ಹೋಗಬಹುದು.

ಇನ್ನೊಂದು ಮಾತು: ಪ್ಲಾಸ್ಟಿಕ್ ಲೋಟ, ತಟ್ಟೆ, ಫ್ಲೆಕ್ಸ್ ಬ್ಯಾನರ್‌ಗಳನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿದೆ. ಸ್ಟೀಲ್ ಲೋಟ, ಬಟ್ಟೆ ಬ್ಯಾನರ್ ಒದಗಿಸುವ ಜಾಗವನ್ನೇ ಆರಿಸಿ. ಆಹ್ವಾನ ಪತ್ರಿಕೆಯಲ್ಲಿ ಪಾರ್ಕಿಂಗ್ ವಿವರಕ್ಕಿಂತ ಮೊದಲು ಹತ್ತಿರದ ಮೆಟ್ರೋ ನಿಲ್ದಾಣದ ಹೆಸರು ಅಚ್ಚಾಗಲಿ.