ಪುನರ್ನಿರ್ಮಿತ ಬ್ಯಾಟರಿಗಳ ಯೋಗ್ಯತೆ

ಜಪಾನು ದೇಶದ ಫುಕುಷಿಮಾ ಪ್ರಾಂತದಲ್ಲಿ ನಾಮಿಯೆ ಎಂಬ ಪಟ್ಟಣವುಂಟು. 2011ರ ಅಣುಸ್ಥಾವರದ ದುರಂತದಿಂದ ಅದು ಜನಶೂನ್ಯವಾಗಿತ್ತು. ಅಲ್ಲಿಯೇ 2018ರಲ್ಲಿ ನಿಸ್ಸಾನ್ ಮತ್ತು ಸುಮಿಟೊಮೊ ಕಂಪೆನಿಗಳ ಪಾಲುಗಾರಿಕೆಯ ಸಂಸ್ಥೆಯೊಂದು ವಿದ್ಯುತ್ ಕಾರುಗಳ ಹಳೆಯ ಬ್ಯಾಟರಿಗಳನ್ನು ಮರಳಿ ಸಜ್ಜುಗೊಳಿಸುವ ಕಾರ್ಖಾನೆಯನ್ನು ತೆರೆಯಿತು. ಲೀಫ್ ಎಂಬ ಕಾರಿಗೆ 24 ಕಿಲೋವ್ಯಾಟ್-ಗಂಟೆಯ ಹೊಸ ಬ್ಯಾಟರಿಯನ್ನು ಹಾಕಿಸಲು ಆಗ 6,50,000 ಯೆನ್ ತಗಲುತ್ತಿದ್ದರೆ, ಪುನರ್ನಿರ್ಮಿತವಾದುದು 3,00,000 ಯೆನ್ನಿಗೆ ದೊರೆಯುತ್ತಿತ್ತು. ಬೆಲೆಯು ಅರ್ಧಕ್ಕಿಂತಲೂ ಇಳಿದುದು ಸಂತೋಷವೇ ಸರಿ. ಆದರೆ ಕೊಳ್ಳುವವನು ಬೆಲೆಯೊಂದನ್ನೇ ನೋಡಿ ತೃಪ್ತನಾಗತಕ್ಕದ್ದಲ್ಲವೆಂಬುದು ನಮ್ಮ ಅಭಿಪ್ರಾಯ.

ಆ ಬ್ಯಾಟರಿಯಲ್ಲಿ 48 ಮಾಡ್ಯೂಲುಗಳೂ, ಒಂದೊಂದರಲ್ಲಿ ನಾಲ್ಕರಂತೆ 192 ಕೋಶಗಳೂ ಇರುತ್ತವೆ. ಮಾಡ್ಯೂಲುಗಳು ಸಾಲಾಗಿ ಜೋಡಿಸಲ್ಪಟ್ಟಿರುವುದರಿಂದ ಒಂದರಲ್ಲಿ ಹರಿದ ವಿದ್ಯುತ್ತು ಎಲ್ಲದರಲ್ಲಿಯೂ ಹರಿಯಲೇಬೇಕು. ಕೋಶವು ಮುದಿಯಾದಂತೆ ಅದರ ಆಂತರಿಕ ರೋಧವು ಹೆಚ್ಚುತ್ತದೆ. ಶೀಘ್ರವಾಗಿ ಚಾರ್ಜು ಮಾಡುವಾಗ ಅಂಥ ಕೋಶವು ಬೇಗನೆ ಕಾಯುತ್ತದೆ, ಅದರ ವೋಲ್ಟೇಜು ಉಳಿದವಕ್ಕಿಂತ ಮುಂಚಿತವಾಗಿಯೇ ಮೇಲಿನ ಎಲ್ಲೆಯನ್ನು ಮುಟ್ಟುತ್ತದೆ. ಒಡನೆಯೇ ನಿಯಂತ್ರಕವು ಪ್ರವಾಹವನ್ನು ತಗ್ಗಿಸುತ್ತದೆ. ನೊಗದ ಎತ್ತುಗಳಲ್ಲಿ ಒಂದು ಕುಂಟಿದರೆ ಬಂಡಿಯ ನಡಿಗೆಯೆಲ್ಲವೂ ಕುಂಟಿನ ನಡಿಗೆಯೇ ಅಲ್ಲವೆ? ಬಲ್ಲ ಕಾರ್ಖಾನೆಯು ಸಮಾನ ಬಲದ ಮಾಡ್ಯೂಲುಗಳನ್ನೇ ಆರಿಸಿ ಕೂಡಿಸುತ್ತದೆ. ನಾಮಿಯೆಯ ಸಂಸ್ಥೆಯವರು 16 ದಿನ ಹಿಡಿಯುತ್ತಿದ್ದ ಈ ಪರೀಕ್ಷೆಯನ್ನು 4 ಗಂಟೆಗೆ ಇಳಿಸಿದರು. ನಮ್ಮ ದೃಷ್ಟಿಯಲ್ಲಿ ಇದು ಬೆಲೆಯಿಳಿಕೆಗಿಂತಲೂ ದೊಡ್ಡ ಸಾಧನೆ.

ಆಗಿಯೂ ಒಂದು ಮಾತು. ಧಾರಣಶಕ್ತಿಯು ನೂರಕ್ಕೆ ಎಂಬತ್ತು ಉಳಿದಿದೆ ಎಂದ ಮಾತ್ರಕ್ಕೆ ಚಾರ್ಜಿನ ವೇಗವೂ ಅಷ್ಟೇ ಉಳಿದಿದೆಯೆಂದು ತಿಳಿಯಬಾರದು. ಅವೆರಡೂ ಬೇರೆ ಬೇರೆ ಗುಣಗಳು. ಲೀಫ್ ಕಾರಿನ ಆ 24 ಕಿಲೋವ್ಯಾಟ್-ಗಂಟೆಯ ಬ್ಯಾಟರಿಗೆ ದ್ರವದಿಂದ ತಂಪೆರೆಯುವ ಏರ್ಪಾಡೂ ಇಲ್ಲದ್ದರಿಂದ ಬೇಸಗೆಯಲ್ಲಿ ಈ ಭೇದವು ಇನ್ನೂ ಎದ್ದು ಕಾಣುವುದು. ದಿನವೂ ರಾತ್ರಿ ಮನೆಯಲ್ಲಿಯೇ ಚಾರ್ಜು ಮಾಡಿಕೊಳ್ಳುವ ಗೃಹಸ್ಥನಿಗೆ ಇದರಿಂದ ಬಾಧೆಯಿಲ್ಲ. ಬಾಡಿಗೆಗೆ ಗಾಡಿ ಓಡಿಸಿ ಹೊಟ್ಟೆ ಹೊರೆಯುವವನಿಗೆ ಮಾತ್ರ ಚಾರ್ಜಿನ ಕಟ್ಟೆಯಲ್ಲಿ ಕಳೆದ ಒಂದೊಂದು ಗಳಿಗೆಯೂ ಸಂಪಾದನೆಗೆ ಕತ್ತರಿ.

ದುರಸ್ತಿಯ ವಿಷಯವೂ ಹಾಗೆಯೇ. ಲೀಫ್ ಬ್ಯಾಟರಿಯ ಮಾಡ್ಯೂಲುಗಳನ್ನು ಬೋಲ್ಟು ಬಿಚ್ಚಿ ಹೊರತೆಗೆಯಬಹುದು. ನೂರಾರು ವೋಲ್ಟುಗಳ ಅಪಾಯವನ್ನರಿತ ಕುಶಲನು ಕೆಟ್ಟುದನ್ನಷ್ಟೇ ಬದಲಿಸಬಲ್ಲನು. ಟೆಸ್ಲಾ ಕಂಪೆನಿಯು 2022ರಿಂದ ಟೆಕ್ಸಾಸಿನಲ್ಲಿ ತಯಾರಿಸಿದ ಕೆಲವು ಗಾಡಿಗಳಲ್ಲಿಯಾದರೋ ಕೋಶಗಳ ನಡುವೆ ಗಟ್ಟಿಯಾದ ನೊರೆಯನ್ನು ತುಂಬಿ ಬ್ಯಾಟರಿಯನ್ನೇ ಗಾಡಿಯ ಅಂಗವನ್ನಾಗಿ ಮಾಡಲಾಯಿತು. ಗಾಡಿಗೆ ದೃಢತೆ ಬಂದಿತು. ಒಂದು ಕೋಶವನ್ನು ಬಿಡಿಸಿ ತೆಗೆಯುವ ಆಸೆ ಹೋಯಿತು.

ಯುರೋಪಿನ ಒಕ್ಕೂಟವು 2023ರ ಶಾಸನದಲ್ಲಿ, ಬ್ಯಾಟರಿಯ ಆರೋಗ್ಯದ ಅಂಕಿಗಳು ಕೊಂಡವನಿಗೆ ದೊರೆಯತಕ್ಕದ್ದೆಂದು ವಿಧಿಸಿದೆ. ನಮ್ಮ ದೇಶದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಜ್ಜುಗೊಳಿಸುವವರು ನೋಂದಣಿ ಮಾಡಿಸಬೇಕೆಂದು ಹೇಳುತ್ತವೆ. ನೋಂದಣಿಯ ಕಾಗದವನ್ನು ಕಂಡವನಿಗೆ ಬ್ಯಾಟರಿಯು ಎಷ್ಟು ಹೊತ್ತಿನಲ್ಲಿ ತುಂಬೀತೆಂಬುದು ಹೇಗೆ ತಿಳಿಯಬೇಕು? ನಾವು ಸರಕಾರವನ್ನು ಕೇಳುವುದಿಷ್ಟೆ: ಪುನರ್ನಿರ್ಮಿತವಾದ ಪ್ರತಿಯೊಂದು ಬ್ಯಾಟರಿಯ ಸಂಗಡ ಅದರ ಉಳಿದ ಧಾರಣಶಕ್ತಿ, ಅತಿ ದುರ್ಬಲ ಮಾಡ್ಯೂಲಿನ ಆಂತರಿಕ ರೋಧ, ನೂರಕ್ಕೆ ಇಪ್ಪತ್ತರಿಂದ ಎಂಬತ್ತರವರೆಗೆ ತುಂಬಲು ತಗಲಿದ ನಿಮಿಷಗಳು, ಪರೀಕ್ಷಿಸಿದಾಗಿನ ಉಷ್ಣತೆ, ಇವಿಷ್ಟನ್ನು ಮಾರುವವನು ರುಜುಮಾಡಿ ಬರೆದುಕೊಡುವಂತೆ ಆಜ್ಞೆಯಾಗಲಿ.